ಮಾವನ ಮುತ್ತಜ್ಜ ಶೆಫೀಲ್ಡ್‌ನಲ್ಲಿ ಪಬ್ ಇಟ್ಟಿದ್ದರಂತೆ, ಹಳೇ ಡೈರೆಕ್ಟರಿಯಲ್ಲಿ ಹೆಸರೇ ಸಿಗುತ್ತಿಲ್ಲ!

ಹುಬ್ಬಳ್ಳಿ_ಸೊಸೆ
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದು ಹನ್ನೊಂದು ವರ್ಷವಾಯಿತು, ಗಂಡ ಇಲ್ಲಿಯವರೇ. ನಮ್ಮ ಮಾವನಿಗೆ ಈಗ 84. ಪ್ರತಿ ಕ್ರಿಸ್‌ಮಸ್‌ಗೂ ಒಂದೇ ಕಥೆ ಹೇಳುತ್ತಾರೆ: ಅವರ ಮುತ್ತಜ್ಜ ರೆಡ್ ಲಯನ್ ಅನ್ನೋ ಪಬ್‌ನ ಲ್ಯಾಂಡ್‌ಲಾರ್ಡ್ ಆಗಿದ್ದರಂತೆ, ಭಾರೀ ಆಸ್ತಿ ಇತ್ತಂತೆ, ಆಮೇಲೆ ಯಾರೋ ಕುಡಿದು ಕಳೆದರಂತೆ. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದಾರೆ, ಅದಕ್ಕೆ ನಾನೇ ಹುಡುಕಲು ಕೂತೆ.

ಇದುವರೆಗೆ ಸಿಕ್ಕಿದ್ದು ಇಷ್ಟು. 1856ರ ವೈಟ್ ಡೈರೆಕ್ಟರಿಯಲ್ಲಿ (ಊರಿನ ಕಸುಬಿನವರ, ಅಂಗಡಿಯವರ ಹೆಸರು, ಬೀದಿ ಇರೋ ಹಳೇ ಪುಸ್ತಕ) ಹೋಟೆಲ್, ಇನ್, ಟ್ಯಾವರ್ನ್ ಪಟ್ಟಿ ಪೂರ್ತಿ ನೋಡಿದೆ. ರೆಡ್ ಲಯನ್ ಇದೆ, ಆದರೆ ಬೇರೆಯವರ ಹೆಸರು. 1861ರ ಸೆನ್ಸಸ್‌ನಲ್ಲಿ ಮುತ್ತಜ್ಜ ನೀಪ್‌ಸೆಂಡ್ ಕಡೆ ಒಂದು ಬೀದಿಯಲ್ಲಿದ್ದಾರೆ, ಉದ್ಯೋಗ 'ಫೈಲ್ ಕಟ್ಟರ್' ಅಂತ ಇದೆ. ಪಬ್ ಮಾತೇ ಇಲ್ಲ. ಇನ್ನು 1879ರ ಡೈರೆಕ್ಟರಿಯಲ್ಲಿ ಅದೇ ಸರ್‌ನೇಮ್‌ನ ಒಬ್ಬ 'ಮಿಸೆಸ್' ಇದ್ದಾರೆ, ಅದೇ ಬೀದಿ, ಪಬ್ ಹೆಸರಿಲ್ಲ. ಸರ್‌ನೇಮ್ ಬೇರೆ ನಮ್ಮಲ್ಲಿ ಪಾಟೀಲ ಇದ್ದ ಹಾಗೆ, ಎಲ್ಲಿ ನೋಡಿದರೂ ಅವರೇ. ಮಾವ ಹೇಳೋದು ಸುಳ್ಳಾ, ನಾನು ನೋಡುತ್ತಿರೋದು ಬೇರೆ ಮನುಷ್ಯನನ್ನಾ? ತಲೆ ಕೆಟ್ಟು ಹೋಗಿದೆ. ಗೊತ್ತಿರುವವರು ಹೇಳಿ ಪ್ಲೀಸ್.

ಲೀಡ್ಸ್_ಶಾಸ್ತ್ರಿ
ಅಕ್ಕಾ, ಪುಸ್ತಕ ಸರಿ, ಪುಟ ತಪ್ಪು. ಈ ಡೈರೆಕ್ಟರಿಗಳಲ್ಲಿ ಕುಡಿಯೋ ಅಂಗಡಿಗಳಿಗೆ ಎರಡು ಪಟ್ಟಿ ಇರುತ್ತದೆ. ಒಂದು ನೀವು ನೋಡಿದ್ದು. ಅಲ್ಲಿ ಬೋರ್ಡಿನ ಹೆಸರು ಮೊದಲು, ಆಮೇಲೆ ನಡೆಸುವವರ ಹೆಸರು. ಇನ್ನೊಂದು 'ಬೀರ್‌ಹೌಸ್' ಪಟ್ಟಿ. ಅದರಲ್ಲಿ ಬರೀ ಮನುಷ್ಯನ ಹೆಸರು ಮತ್ತು ಬೀದಿ, ಅಂಗಡಿಗೆ ಹೆಸರಿದ್ದರೂ ಹಾಕುತ್ತಿರಲಿಲ್ಲ. ನಿಮ್ಮ 1879ರ ಮಿಸೆಸ್ ಅಲ್ಲೇ ಸಿಕ್ಕಿದ್ದಲ್ವಾ? ಹಾಗಿದ್ದರೆ 1856ರ ಬೀರ್‌ಹೌಸ್ ಪಟ್ಟಿಯನ್ನೂ ನೋಡಿ.

ಕೆಂಗೇರಿ_ರಘು
ಡೈರೆಕ್ಟರಿಯಲ್ಲಿ ಇಲ್ಲ ಅಂದರೆ ಪಬ್ ಇರಲಿಲ್ಲ ಅಂತಲೇ ಅರ್ಥ. ಅದು ಪೋಸ್ಟ್ ಆಫೀಸ್‌ನವರು ಮಾಡಿದ ಪುಸ್ತಕ, ಸರ್ಕಾರಿ ದಾಖಲೆ. ಬ್ರಿಟಿಷರ ಲೆಕ್ಕ ಅಂದರೆ ಲೆಕ್ಕ. ಅಜ್ಜಂದಿರು ಕಥೆ ಕಟ್ಟೋದು ಎಲ್ಲ ಊರಲ್ಲೂ ಇದ್ದದ್ದೇ.

ದಾಖಲೆ_ಹುಳು
ರಘು ಅವರೇ, ಅಲ್ಲೇ ಎಡವಿದ್ದು ನೀವು. ಪೋಸ್ಟ್ ಆಫೀಸ್ ಡೈರೆಕ್ಟರಿ ಅಂತ ಹೆಸರಿದ್ದರೂ ಅದು ಖಾಸಗಿ ವ್ಯಾಪಾರ. ಫ್ರೆಡೆರಿಕ್ ಕೆಲ್ಲಿ ಅನ್ನೋ ಅಂಚೆ ಇಲಾಖೆಯ ಅಧಿಕಾರಿ 1830ರ ದಶಕದಲ್ಲಿ ಅದರ ಹಕ್ಕು ಕೊಂಡುಕೊಂಡ. ಪತ್ರ ಹಂಚೋ ಪೋಸ್ಟ್‌ಮ್ಯಾನ್‌ಗಳ ಕೈಯಲ್ಲೇ ಮನೆಮನೆಯ ಮಾಹಿತಿ ತರಿಸಿ ಸ್ವಂತ ಪುಸ್ತಕ ಮಾರುತ್ತಿದ್ದ! ಅದು ಗಲಾಟೆಯಾಗಿ ಆಮೇಲೆ ತನ್ನದೇ ಏಜೆಂಟರನ್ನು ಇಟ್ಟುಕೊಳ್ಳಬೇಕಾಯಿತು. ವೈಟ್ ಕೂಡ ಅಷ್ಟೇ, ವಿಲಿಯಂ ವೈಟ್ ಅನ್ನೋ ಶೆಫೀಲ್ಡ್‌ನ ಪ್ರಕಾಶಕ. ಮ್ಯಾಂಚೆಸ್ಟರ್‌ನ ಪಿಗಟ್ ಇವರಿಬ್ಬರಿಗಿಂತ ಹಳಬ. ಮಾಹಿತಿ ತೆಗೆದುಕೊಂಡು ಹೋದ ಮೇಲೆ ಪುಸ್ತಕ ಅಚ್ಚಾಗಿ ಬರೋಕೆ ವರ್ಷ ಹಿಡಿಯುತ್ತಿತ್ತು, ಹಳೇ ಆವೃತ್ತಿಯಿಂದ ಹಾಗೇ ಇಳಿಸಿಕೊಳ್ಳೋದೂ ಇತ್ತು. ಸತ್ತವರು ಎರಡು ಆವೃತ್ತಿ ಬದುಕಿರುತ್ತಾರೆ, ಹೊಸದಾಗಿ ಬಂದವರು ಕಾಣಿಸುವುದೇ ಇಲ್ಲ.

ಈಗ ಸೊಸೆಯವರ ವಿಷಯ. 1830ರಲ್ಲಿ ಬೀರ್‌ಹೌಸ್ ಕಾಯ್ದೆ ಬಂತು. ಮನೆ ತೆರಿಗೆ ಕಟ್ಟುವ ಯಾರು ಬೇಕಾದರೂ ವರ್ಷಕ್ಕೆ 2 ಗಿನಿ ಕೊಟ್ಟು ಅಬಕಾರಿ ಇಲಾಖೆಯಿಂದ ಲೈಸೆನ್ಸ್ ತಂದು ಮನೆಯಲ್ಲೇ ಬಿಯರ್ ಮಾರಬಹುದಿತ್ತು. ಮ್ಯಾಜಿಸ್ಟ್ರೇಟ್ ಒಪ್ಪಿಗೆ ಬೇಕಿರಲಿಲ್ಲ. ಜಿನ್, ಬ್ರ್ಯಾಂಡಿ ಮಾತ್ರ ಮಾರೋ ಹಾಗಿರಲಿಲ್ಲ. ಜನ ಜಿನ್ ಬಿಟ್ಟು ಬಿಯರ್ ಕುಡಿಯಲಿ ಅನ್ನೋದೂ ಆ ಕಾಯ್ದೆಯ ಲೆಕ್ಕಾಚಾರದಲ್ಲಿ ಇತ್ತು. ಹಾಗಾಗಿ ಬಡವರು ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿ ಶುರುಮಾಡಿಬಿಟ್ಟರು. ಗಂಡ ಹಗಲು ಬೇರೆ ಕೆಲಸಕ್ಕೆ ಹೋಗುತ್ತಿದ್ದ, ಹೆಂಡತಿ ಅಂಗಡಿ ನೋಡುತ್ತಿದ್ದಳು. ಸೆನ್ಸಸ್‌ನವನು ಬಂದಾಗ ಗಂಡ ಹೇಳಿದ್ದು ತನ್ನ ಕಸುಬು, ಹೆಂಡತಿಯ ಕಾಲಮ್ ಖಾಲಿ. ನಿಮ್ಮ ಫೈಲ್ ಕಟ್ಟರ್ ಮತ್ತು ಪಬ್ ಇಟ್ಟವನು ಒಬ್ಬನೇ ಇರಬಹುದು, ಬೇರೆಯವರು ಅಂತ ಈಗಲೇ ತಳ್ಳಿಹಾಕಬೇಡಿ.

ಇನ್ನೊಂದು ಮಾತು. ಪಬ್ ವಿಷಯದಲ್ಲಿ ಲ್ಯಾಂಡ್‌ಲಾರ್ಡ್ ಅಂದರೆ ಕಟ್ಟಡದ ಮಾಲೀಕ ಅಂತಲ್ಲ. ಲೈಸೆನ್ಸ್ ಹಿಡಿದು ನಡೆಸುವವನಿಗೆ ಹಾಗೆ ಕರೆಯುತ್ತಾರೆ. ಎಷ್ಟೋ ಕಟ್ಟಡಗಳು ಬ್ರೂವರಿ ಕಂಪನಿಗಳದ್ದು, ಇವನು ಬಾಡಿಗೆದಾರ, ಅವರದೇ ಬಿಯರ್ ಕೊಳ್ಳಬೇಕು. ಮಾವನ 'ಭಾರೀ ಆಸ್ತಿ' ಈ ಒಂದು ಪದದಿಂದ ಹುಟ್ಟಿದ್ದೇನೋ ಅಂತ ನನ್ನ ಅನುಮಾನ.

ಕೆಂಗೇರಿ_ರಘು
ಸರಿ ಸರ್, ಸರ್ಕಾರಿ ಅಂದಿದ್ದು ವಾಪಸ್ ತಗೊಂಡೆ. ಆದರೆ ಕಥೆ ಕಟ್ಟೋದರ ಬಗ್ಗೆ ಹೇಳಿದ್ದಕ್ಕೆ ಬದ್ಧ.

ನೇರ_ಮಾತು
ಬೇರೆ ಕೆಲಸ ಇಲ್ವಾ ನಿಮಗೆಲ್ಲ? ಇಂಗ್ಲಿಷರ ಹೆಂಡದಂಗಡಿ ಚರಿತ್ರೆ ಕನ್ನಡದಲ್ಲಿ ಯಾಕೆ? ನಮ್ಮ ಮುತ್ತಜ್ಜಂದಿರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ ನೋಡೋಣ.

ಹುಬ್ಬಳ್ಳಿ_ಸೊಸೆ
ನನ್ನ ಮಗಳ ಮುತ್ತಜ್ಜಂದಿರಲ್ಲಿ ಅವರೂ ಸೇರುತ್ತಾರಲ್ಲ ಸರ್. ಅವಳ ವಂಶವೃಕ್ಷದ ಅರ್ಧ ಹುಬ್ಬಳ್ಳಿ, ಅರ್ಧ ಶೆಫೀಲ್ಡ್. ಅವಳು ಓದೋಕೆ ಬರಲಿ ಅಂತ ಕನ್ನಡದಲ್ಲೇ ಬರೆದಿಡುತ್ತಿದ್ದೇನೆ.

ಗೋಕಾಕ್_ಕರದಂಟು
ನೇರ ಮಾತು ಅವರೇ, ನಮಗೆ ಡೈರೆಕ್ಟರಿ ಯಾಕೆ, ಹೆಳವರು ಇದ್ದರಲ್ಲ. ನಾನು ಸಣ್ಣವನಿದ್ದಾಗ ಎತ್ತಿನ ಮೇಲೆ ಕೂತು ನಮ್ಮ ಓಣಿಗೆ ಬರುತ್ತಿದ್ದರು. ಅಂಗಳದಲ್ಲಿ ನಿಂತು ಅಜ್ಜ, ಮುತ್ತಜ್ಜ, ಅವರಪ್ಪ, ಯಾರು ಯಾವ ಊರಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು ಎಲ್ಲ ರಾಗವಾಗಿ ಹೇಳೋರು. ಅವ್ವ ಮೊರದ ತುಂಬ ಜೋಳ ಹಾಕೋಳು. ಮನೆಯಲ್ಲಿ ಹೊಸ ಮಗು ಹುಟ್ಟಿದ್ದರೆ ಆ ವರ್ಷ ಹೆಸರು ಸೇರಿಸಿಕೊಂಡು ಹೋಗೋರು. ಆದರೆ ಒಂದು, ಹೆಣ್ಣುಮಕ್ಕಳ ಹೆಸರು ಅವರ ಪಟ್ಟಿಯಲ್ಲೂ ಕಡಿಮೆ. ಆ ಮಿಸೆಸ್‌ಗೆ ಸ್ವಂತ ಹೆಸರೇ ಇಲ್ವಲ್ಲ ಅಂತ ಓದಿದಾಗ ಅದು ನೆನಪಾಯಿತು.

ಸುಮ್ನೆ_ಓದುವವ
ಹೆಳವರ ಬಗ್ಗೆ ಬೇರೆ ಎಳೆ ಶುರುಮಾಡಿ ಸರ್, ಹೇಳೋಕೆ ನನ್ನ ಹತ್ತಿರವೂ ಬೇಕಾದಷ್ಟಿದೆ.

ಮಂಗಳೂರ್_ಬಂಗುಡೆ
ನಮ್ಮ ಅಜ್ಜನದು ಗಡಂಗು ಇತ್ತು. ಘಟ್ಟದ ಮೇಲಿನವರಿಗೆ ಹೇಳೋದಾದರೆ ಕಳ್ಳಿನಂಗಡಿ. ಯಾವ ಡೈರೆಕ್ಟರಿಯಲ್ಲೂ ಸಿಗೋಲ್ಲ, ನಾನು ಹುಡುಕಿ ಸುಸ್ತಾಗಿದ್ದೇನೆ. ಆಗಿನ ಡೈರೆಕ್ಟರಿಗಳಲ್ಲಿ ದೊರೆಗಳ ಕಂಪನಿ, ಕಾಫಿ ತೋಟ, ಹೆಂಚಿನ ಕಾರ್ಖಾನೆ, ಮಿಷನ್ ಇಂಥವು. ಮೂರ್ತೆ ಮಾಡುವವನ, ಅಂದರೆ ಮರದಿಂದ ಕಳ್ಳು ಇಳಿಸುವವನ ಹೆಸರು ಯಾರು ಹಾಕುತ್ತಾರೆ? ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು, ಮರಕ್ಕೆ ಇಷ್ಟು ಅಂತ ತೆರಿಗೆ. ಅದರ ಒಂದು ರಸೀದಿ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿತು, ಅಂಗಡಿ ಇತ್ತು ಅನ್ನೋದಕ್ಕೆ ಅದೊಂದೇ ಸಾಕ್ಷಿ. 1948ರಲ್ಲಿ ಪ್ರಾಂತ್ಯಕ್ಕೆಲ್ಲ ಪಾನನಿರೋಧ ಬಂದಾಗ ಅಂಗಡಿ ಮುಚ್ಚಿ ಅಜ್ಜ ಬೀಡಿ ಕಟ್ಟಿಸೋಕೆ ಶುರುಮಾಡಿದರಂತೆ. ಸೊಸೆ ಮೇಡಂ ಪುಣ್ಯವಂತರು, ಬೀದಿ ಹೆಸರಾದರೂ ಇದೆ.

ಕಾಕ್ಸ್‌ಟೌನ್_ಹುಡುಗ
ಬೆಂಗಳೂರು ದಂಡು ಪ್ರದೇಶದ ಬಿಳಿಯರಾದರೆ ಮದ್ರಾಸಿನ ಅಸೈಲಂ ಪ್ರೆಸ್ ಆಲ್ಮನಾಕ್‌ನಲ್ಲಿ, ಕಲ್ಕತ್ತಾದ ಥ್ಯಾಕರ್ ಡೈರೆಕ್ಟರಿಯಲ್ಲಿ ಸಿಗುತ್ತಾರೆ. ನಮ್ಮ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಆಂಟಿ ಹಾಗೇ ಹುಡುಕಿಸಿದರು. ಅವರ ಕಡೆಯವರೊಬ್ಬರು ಪಿಂಚಣಿ ಬಂದ ಸಿಪಾಯಿ, ದಂಡಿನಲ್ಲೇ ಹೋಟೆಲ್ ಇಟ್ಟಿದ್ದರು. ಚರ್ಚ್ ದಾಖಲೆಗಳಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ, ಅಲ್ಲಿ ಎನ್/2 ಅನ್ನೋ ಸರಣಿ ಮದ್ರಾಸ್ ಪ್ರಾಂತ್ಯದ್ದು. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದರೂ ದಂಡಿನ ಮದುವೆ, ನಾಮಕರಣ ಅದರಲ್ಲೇ ಹುಡುಕಬೇಕು.

ಅಂದ ಹಾಗೆ, ದಂಡಿನ ಕುಡಿತದ ಲೆಕ್ಕ ಅಂದರೆ ನೆನಪಾಗೋದು ಚರ್ಚಿಲ್. ಬೆಂಗಳೂರು ಕ್ಲಬ್‌ಗೆ 13 ರೂಪಾಯಿ ಬಾಕಿ ಇಟ್ಟು ಹೋದವರ ಪಟ್ಟಿಯಲ್ಲಿ 1899ರಲ್ಲಿ ಅವರ ಹೆಸರಿದೆ. ಡೈರೆಕ್ಟರಿಯಲ್ಲಿ ಇಲ್ಲದವರನ್ನು ಸಾಲದ ಪುಸ್ತಕದಲ್ಲಿ ಹುಡುಕಿ!

ಕೆಂಗೇರಿ_ರಘು
ಬಡ್ಡಿ ಹಾಕಿದರೆ ಈಗ ಎಷ್ಟಾಗಬಹುದು?

ಕಾಕ್ಸ್‌ಟೌನ್_ಹುಡುಗ
ವಸೂಲಿಗೆ ನಿಮ್ಮನ್ನೇ ಕಳಿಸೋಣ ಬಿಡಿ. ಮತ್ತೆ ಬಿಯರ್ ಅಂದಮೇಲೆ ನಮ್ಮ ಯುಬಿ (ಯುನೈಟೆಡ್ ಬ್ರೂವರೀಸ್) ಬಿಡೋಕಾಗುತ್ತಾ, 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿ ಸೇರಿಸಿ ಕಟ್ಟಿದ್ದು ಅದು.

ದಾಖಲೆ_ಹುಳು
ಮಕ್ಕಳಾ, ವಿಷಯಕ್ಕೆ ಬನ್ನಿ. ಸೊಸೆಯವರೇ, 1856ರ ಬೀರ್‌ಹೌಸ್ ಪಟ್ಟಿ ನೋಡಿದಿರಾ?

ಹುಬ್ಬಳ್ಳಿ_ಸೊಸೆ
ಈಗಷ್ಟೇ ನೋಡಿದೆ ಸರ್. ಸಿಕ್ಕಿದರು!! ಅದೇ ಹೆಸರು, ಅದೇ ಬೀದಿ, ಬೀರ್‌ಹೌಸ್. ಆದರೆ ಮನೆ ನಂಬರ್ ಸೆನ್ಸಸ್‌ನಲ್ಲಿರೋದಕ್ಕೆ ಹೊಂದುತ್ತಿಲ್ಲ. 1849ರಲ್ಲಿ ಎರಡೂ ಪಟ್ಟಿಯಲ್ಲಿ ಇಲ್ಲ.

ಲೀಡ್ಸ್_ಶಾಸ್ತ್ರಿ
ನಂಬರ್ ನೋಡಿ ಹೆದರಬೇಡಿ. ಆಗ ಬೀದಿ ನಂಬರ್‌ಗಳನ್ನು ಮತ್ತೆ ಮತ್ತೆ ಬದಲಿಸುತ್ತಿದ್ದರು, ಬೀದಿಯ ಹೆಸರನ್ನೇ ಬದಲಿಸಿದ್ದೂ ಉಂಟು. ಅಕ್ಕಪಕ್ಕದ ಮನೆಯವರನ್ನು ಹಿಡಿಯಿರಿ. ಡೈರೆಕ್ಟರಿಯಲ್ಲಿ ಬೀದಿವಾರು ಭಾಗ ಇದ್ದರೆ ಇವರ ಆಚೆ ಈಚೆ ಯಾರಿದ್ದಾರೆ ಬರೆದುಕೊಳ್ಳಿ, ಸೆನ್ಸಸ್‌ನಲ್ಲೂ ಅವರೇ ನೆರೆಯವರಾಗಿದ್ದರೆ ಮನೆ ಒಂದೇ. ನಾನು ನನ್ನ ಹೆಂಡತಿ ಕಡೆಯ ಒಂದು ಬೇಕರಿಯನ್ನು ಹಾಗೇ ಹಿಡಿದಿದ್ದು, ಪಕ್ಕದಲ್ಲಿದ್ದ ಚಪ್ಪಲಿ ಹೊಲಿಯುವವನ ವಿಚಿತ್ರ ಹೆಸರಿನಿಂದ.

ದುಡ್ಡು ಕೊಟ್ಟು ನೋಡುತ್ತಿದ್ದರೆ ನಿಲ್ಲಿಸಿ. ಲೆಸ್ಟರ್ ವಿಶ್ವವಿದ್ಯಾಲಯದವರು ಇಂಗ್ಲೆಂಡ್, ವೇಲ್ಸ್‌ನ ಹಳೇ ಡೈರೆಕ್ಟರಿಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಶೆಫೀಲ್ಡ್‌ಗೆ ಅಂತಲೇ ಶೆಫೀಲ್ಡ್ ಇಂಡೆಕ್ಸರ್ಸ್ ಅನ್ನೋ ಸ್ವಯಂಸೇವಕರ ತಾಣ ಇದೆ, ಅಲ್ಲಿ ಸ್ಮಶಾನದ ದಾಖಲೆ ಕೂಡ ಸಿಗುತ್ತದೆ. ಒಂದು ಎಚ್ಚರಿಕೆ: ಸ್ಕ್ಯಾನ್ ಪುಟಗಳಲ್ಲಿ ಹೆಸರು ಹಾಕಿ ಹುಡುಕಿದರೆ ಸಣ್ಣ ಅಕ್ಷರದ ಅಚ್ಚನ್ನು ಕಂಪ್ಯೂಟರ್ ತಪ್ಪು ಓದುತ್ತದೆ. ಹುಡುಕಾಟದಲ್ಲಿ ಬರಲಿಲ್ಲ ಅಂತ ಬಿಡಬೇಡಿ, ಪುಟ ಪುಟ ತಿರುವಿ.

ಜಯನಗರ_ಜಾನಕಿ
ಫೈಲ್ ಕಟ್ಟರ್ ಅಂದರೆ ಆಫೀಸ್ ಫೈಲ್ ಕತ್ತರಿಸೋ ಕೆಲಸವಾ?? 😅

ದಾಖಲೆ_ಹುಳು
ಅಲ್ಲಮ್ಮ. ಬಡಗಿಯ, ಕಮ್ಮಾರನ ಹತ್ತಿರ ಅರ ಇರುತ್ತದಲ್ಲ, ಉಜ್ಜೋ ಉಪಕರಣ, ಅದರ ಹಲ್ಲುಗಳನ್ನು ಉಳಿ ಸುತ್ತಿಗೆಯಲ್ಲಿ ಒಂದೊಂದಾಗಿ ಹೊಡೆಯುವವನು. ಶೆಫೀಲ್ಡ್‌ನ ದೊಡ್ಡ ಕಸುಬು. ಹೊಡೆಯುವಾಗ ಅರವನ್ನು ಸೀಸದ ದಿಂಬಿನ ಮೇಲೆ ಇಡುತ್ತಿದ್ದರು, ಆ ಸೀಸ ಮೈಗೆ ಹತ್ತಿ ಕೈ ಬಿದ್ದುಹೋಗೋದು, ಹೊಟ್ಟೆನೋವು, ಬೇಗ ಸಾಯೋದು. ಅಂಥ ಮನೆಯಲ್ಲಿ ಇನ್ನೊಂದು ಆದಾಯ ಇಲ್ಲದಿದ್ದರೆ ಗತಿಯಿಲ್ಲ. ಬೀರ್‌ಹೌಸ್ ಯಾಕೆ ಇಟ್ಟರು ಅನ್ನೋದು ನನಗಂತೂ ಅಲ್ಲೇ ಕಾಣುತ್ತದೆ.

ಸೊಸೆಯವರೇ, ಮುಂದೆ ಎರಡು ಕಡೆ ನೋಡಿ. 1869ರವರೆಗೆ ಬೀರ್‌ಹೌಸ್ ಲೈಸೆನ್ಸ್ ಅಬಕಾರಿಯವರ ಕೈಯಲ್ಲಿತ್ತು, ಆ ಕಾಗದ ಉಳಿದಿರೋದು ಅಪರೂಪ. 1869ರಲ್ಲಿ ಹೊಸ ಕಾಯ್ದೆ ಬಂದು ಅದು ಮ್ಯಾಜಿಸ್ಟ್ರೇಟ್‌ಗಳ ಕೈಗೆ ಹೋಯಿತು. ಅಲ್ಲಿಂದ ಲೈಸೆನ್ಸ್ ಒಬ್ಬರಿಂದ ಒಬ್ಬರಿಗೆ ವರ್ಗವಾದಾಗಲೆಲ್ಲ ಕೋರ್ಟಿನಲ್ಲಿ ಬರುತ್ತಿತ್ತು, ಪತ್ರಿಕೆಯಲ್ಲೂ ಒಂದು ಸಾಲು ಬರುತ್ತಿತ್ತು. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಶೆಫೀಲ್ಡ್ ಇಂಡಿಪೆಂಡೆಂಟ್, ಡೈಲಿ ಟೆಲಿಗ್ರಾಫ್ ಎರಡೂ ಇವೆ. ಮನೆಯಲ್ಲಿ ಚಂದಾ ಕಟ್ಟೋ ಮೊದಲು ನಿಮ್ಮ ಲೈಬ್ರರಿಯಲ್ಲಿ ಕೇಳಿ. ಸರ್‌ನೇಮ್ ಹಾಕಿದರೆ ಸಾವಿರ ಬರುತ್ತದೆ, ಬೀದಿ ಹೆಸರು ಜೊತೆಗೆ 'ಬೀರ್‌ಹೌಸ್' ಅಂತ ಹಾಕಿ. ಆಗೆಲ್ಲ ಅನುಮಾನದ ಸಾವಿನ ವಿಚಾರಣೆಯನ್ನೂ ಪಬ್‌ನಲ್ಲೇ ಕೂತು ನಡೆಸುತ್ತಿದ್ದರು, ಆ ವರದಿಗಳಲ್ಲೂ ಪಬ್ ನಡೆಸುವವರ ಹೆಸರು ಸಿಗೋದುಂಟು.

ಎರಡನೆಯದು, ನೀಪ್‌ಸೆಂಡ್ ಅಂದಿರಲ್ಲ, 1864ರ ಪ್ರವಾಹದ ದಾಖಲೆ. ಮಾರ್ಚ್ 11ರ ರಾತ್ರಿ ಡೇಲ್ ಡೈಕ್ ಅಣೆಕಟ್ಟು ಒಡೆದು 240ಕ್ಕೂ ಹೆಚ್ಚು ಜನ ಸತ್ತರು. ಕಣಿವೆಯಿಂದ ಇಳಿದ ನೀರು ಹಿಲ್ಸ್‌ಬರೋ ದಾಟಿ ನೀಪ್‌ಸೆಂಡ್‌ಗೂ ನುಗ್ಗಿತ್ತು. ಆಮೇಲೆ ನೀರು ಕಂಪನಿಯಿಂದ ಪರಿಹಾರ ಕೇಳಿ ಸಾವಿರಾರು ಜನ ಅರ್ಜಿ ಹಾಕಿದರು. ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದವರು ಆ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿದ್ದಾರೆ. ಏನೇನು ಕೊಚ್ಚಿಹೋಯಿತು ಅಂತ ಮನೆ ಸಾಮಾನಿನ ಪಟ್ಟಿ ಸಮೇತ ಇರುತ್ತದೆ. ಡೈರೆಕ್ಟರಿ ಹೆಸರು ಹೇಳುತ್ತೆ, ಮನೆ ಒಳಗೆ ಏನಿತ್ತು ಅಂತ ಹೇಳೋಲ್ಲ.

ಸುಮ್ನೆ_ಓದುವವ
ಇದನ್ನು ಓದೋಕಂತಲೇ ಬೆಳಿಗ್ಗೆ ಕಾಫಿ ಹಿಡಿದು ಕೂತಿದ್ದೇನೆ. ಮುಂದಿನ ಕಂತು ಬೇಗ ಹಾಕಿ.

ಹುಬ್ಬಳ್ಳಿ_ಸೊಸೆ
ಹತ್ತು ದಿನ ಆಯಿತು, ಕ್ಷಮಿಸಿ. ಮಗಳಿಗೆ ಜ್ವರ, ನನಗೆ ಡ್ಯೂಟಿ. ನಿನ್ನೆ ರಜಾ ಹಾಕಿ ಲೈಬ್ರರಿಯಲ್ಲಿ ಕೂತೆ.

ಮೊದಲು ಪ್ರವಾಹ. ಅರ್ಜಿ ಸಿಕ್ಕಿತು ದಾಖಲೆ ಸರ್!! ಅರ್ಜಿ ಮುತ್ತಜ್ಜನ ಹೆಸರಲ್ಲಿದೆ. ಪಟ್ಟಿಯಲ್ಲಿ ಬಿಯರ್, ಗ್ಲಾಸು, ಬೆಂಚು, ಮೇಜು, ಕಾರ್ಪೆಟ್ಟು, ಹಾಸಿಗೆ, ಒಂದು ಗಡಿಯಾರ, ಮಕ್ಕಳ ಬಟ್ಟೆ, ಜೊತೆಗೆ ಅವನ ಕಸುಬಿನ ಉಪಕರಣಗಳು. ಒಂದೇ ಕಾಗದದಲ್ಲಿ ಫೈಲ್ ಕಟ್ಟರ್ ಮತ್ತು ಬೀರ್‌ಹೌಸ್ ಎರಡೂ! ಲೈಬ್ರರಿ ಅಂತ ಮರೆತು ಜೋರಾಗಿ 'ಅಯ್ಯೋ' ಅಂದುಬಿಟ್ಟೆ, ಎದುರಿಗಿದ್ದ ಅಜ್ಜ ಗುರಾಯಿಸಿದರು.

ಆಮೇಲೆ ಪತ್ರಿಕೆ. ನೀವು ಹೇಳಿದ ಹಾಗೆ ಬೀದಿ ಹೆಸರು ಹಾಕಿದೆ. 1873ರಲ್ಲಿ ಒಂದೂವರೆ ಸಾಲು: ಆ ಬೀದಿಯ ಬೀರ್‌ಹೌಸ್ ಲೈಸೆನ್ಸ್ ತೀರಿಕೊಂಡ ಇವರಿಂದ ವಿಧವೆಗೆ ವರ್ಗ. ಅಂದರೆ 1879ರ ಮಿಸೆಸ್ ಅವನ ಹೆಂಡತಿಯೇ. ಅವನು ಸಾಯುವಾಗ 47 ವರ್ಷ. ಸೀಸದಿಂದಲೇ ಅಂತ ನಾನು ಹೇಳೋಕಾಗೋಲ್ಲ, ಮರಣಪತ್ರ ತರಿಸಿ ನೋಡಬೇಕು.

ಇನ್ನು ರೆಡ್ ಲಯನ್. 1881ರ ಸೆನ್ಸಸ್‌ನಲ್ಲಿ ಅವರ ಮಗ, ಅಂದರೆ ನಮ್ಮ ಮಾವನ ಅಜ್ಜ, 19 ವರ್ಷ, ರೆಡ್ ಲಯನ್‌ನಲ್ಲಿ ಬಾರ್‌ಮನ್! ಅಲ್ಲೇ ಉಳಿದುಕೊಂಡಿದ್ದ ಕೆಲಸದಾಳು. ಪಬ್ ನಡೆಸುತ್ತಿದ್ದವರು ಬೇರೆ ಯಾರೋ. ಅಪ್ಪನ ಬೀರ್‌ಹೌಸ್, ಮಗ ಕೆಲಸ ಮಾಡಿದ ರೆಡ್ ಲಯನ್, ಎರಡೂ ಸೇರಿ ಒಂದೇ ಕಥೆಯಾಗಿದೆ.

ಕೆಂಗೇರಿ_ರಘು
ನಾನು ಹೇಳಲಿಲ್ವಾ, ಕಥೆ ಕಟ್ಟೋದು.

ಮಂಗಳೂರ್_ಬಂಗುಡೆ
ರಘು ಅಣ್ಣಾ, ಕಥೆಯಲ್ಲಿ ಪಬ್ ಇತ್ತು, ರೆಡ್ ಲಯನ್ ಇತ್ತು, ಎರಡೂ ನಿಜವಾಯಿತಲ್ಲ. ನೀವು ಮೊದಲ ದಿನ 'ಪಬ್ ಇರಲಿಲ್ಲ' ಅಂದಿದ್ದು ತಪ್ಪಾಯಿತು.

ಕೆಂಗೇರಿ_ರಘು
ಅದೂ ವಾಪಸ್ ತಗೊಂಡೆ. ಇವತ್ತು ಬರೀ ವಾಪಸ್ ತಗೊಳೋದೇ ಆಯಿತು.

ಲೀಡ್ಸ್_ಶಾಸ್ತ್ರಿ
ಸೊಗಸಾಗಿ ಹುಡುಕಿದ್ದೀರಿ ಅಕ್ಕಾ. ಹೆಂಡತಿ 1873ರಿಂದ ಎಷ್ಟು ವರ್ಷ ನಡೆಸಿದರು ನೋಡಿ. ಆಸ್ತಿ ಬಗ್ಗೆ ಅನುಮಾನ ಉಳಿದಿದ್ದರೆ 1858ರಿಂದ ಈಚಿನ ಉಯಿಲುಗಳ ಸೂಚಿ ಪುಕ್ಕಟೆ ನೋಡಬಹುದು.

ಹುಬ್ಬಳ್ಳಿ_ಸೊಸೆ
ನೋಡಿದೆ, ಇಬ್ಬರದೂ ಇಲ್ಲ. ಕುಡಿದು ಕಳೆಯೋಕೆ ಆಸ್ತಿಯೇ ಇರಲಿಲ್ಲ ಅನ್ಸುತ್ತೆ.

ಜಯನಗರ_ಜಾನಕಿ
ಮಾವನಿಗೆ ಹೇಳಿದಿರಾ? ಬೇಜಾರು ಮಾಡಿಕೊಂಡರಾ?

ಹುಬ್ಬಳ್ಳಿ_ಸೊಸೆ
ಭಾನುವಾರ ಊಟಕ್ಕೆ ಬಂದಾಗ ಹೇಳಿದೆ. ಪ್ರಿಂಟ್ ತೆಗೆದಿದ್ದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಲ್ಯಾಂಡ್‌ಲಾರ್ಡ್ ವಿಷಯ ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ, 'ಗಡಿಯಾರಕ್ಕೆ ದುಡ್ಡು ಕೊಟ್ಟರಾ?' ಅಂತ. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟಿದ್ದಾರೆ ಅಂದೆ. 'ಕೊಡೋರೇ ಅಲ್ಲ ಅವರು' ಅಂತ ಸಿಟ್ಟು ಮಾಡಿಕೊಂಡರು, 160 ವರ್ಷದ ಹಿಂದಿನ ಕಂಪನಿ ಮೇಲೆ!

ಮಗಳು ವಂಶವೃಕ್ಷದಲ್ಲಿ ಆ ಅಜ್ಜಿಯ ಹೆಸರಿನ ಪಕ್ಕ ಬಿಯರ್ ಮಗ್ ಬರೆದಿದ್ದಾಳೆ. ಟೀಚರ್ ಏನಂತಾರೋ. ಹೆಸರು ಬೇರೆ ಗೊತ್ತಾಯಿತು ನೋಡಿ, ಅರ್ಜಿಯ ಕೆಳಗೆ ಸಾಕ್ಷಿ ಅಂತ ಅವಳದೇ ಇದೆ.

ಗೋಕಾಕ್_ಕರದಂಟು
ಹೆಳವರ ಎಳೆ ಶುರುಮಾಡಿದ್ದೇನೆ, ಬನ್ನಿ ಎಲ್ಲರೂ. ಸುಮ್ನೆ ಓದುವವರೇ, ಮೊದಲು ನೀವೇ ಬರೆಯಬೇಕು.

ಹೊಸಬ_ಕೊವೆಂಟ್ರಿ
ಮಧ್ಯೆ ಬಂದಿದ್ದಕ್ಕೆ ಸಾರಿ. ನಾವು ಕೊಂಡ ಮನೆ ಮೊದಲು ಪಬ್ ಆಗಿತ್ತಂತೆ, ನೆಲಮಾಳಿಗೆಯಲ್ಲಿ ಪೀಪಾಯಿ ಇಳಿಸೋ ಜಾರುಬಂಡೆ ಇನ್ನೂ ಇದೆ. 1911ರಲ್ಲಿ ಯಾರು ನಡೆಸುತ್ತಿದ್ದರು ಅಂತ ಹೇಗೆ ನೋಡೋದು?

ದಾಖಲೆ_ಹುಳು
1911ರ ಸೆನ್ಸಸ್ ಮತ್ತು ಅದರ ಆಸುಪಾಸಿನ ಕೆಲ್ಲಿ ಡೈರೆಕ್ಟರಿ, ಮೊದಲು ಇವೆರಡು ನೋಡಿ. ಆಮೇಲೆ 1910ರ ಭೂಮಿ ಸಮೀಕ್ಷೆ. ಅದರ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಐಆರ್ 58 ಅನ್ನೋ ಸರಣಿಯಲ್ಲಿವೆ. ಕಟ್ಟಡ ಯಾರದ್ದು, ಬಾಡಿಗೆಗೆ ಯಾರಿದ್ದರು ಎರಡೂ ಸಿಗುತ್ತದೆ. ಬೀದಿ ಹೆಸರು ಹಾಕಿ ಹೊಸ ಎಳೆ ಶುರುಮಾಡಿ, ಇಲ್ಲಿ ರಘು ಬಿಡೋಲ್ಲ.